ನಾಲ್ಕೇ ಬಣ್ಣದಲ್ಲಿ ಅಜ್ಜಿಯ ಮುಖ

ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ವೇಷಧಾರಿ ಮುಖದ ಬಣ್ಣ ಕಲಸುವುದನ್ನು ಕುಂಬಳೆ ಕಡೆಯವರು ನೋಡಿರುತ್ತೀರಿ. ಬಿಳಿ, ಹಳದಿ, ಕೆಂಪು ಹುಡಿಗೆ ತೆಂಗಿನೆಣ್ಣೆ, ಹುಬ್ಬಿಗೆ ಕಾಡಿಗೆ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾದ ವರ್ಣಫಲಕದಲ್ಲೂ ಇರುವುದು ಈ ನಾಲ್ಕೇ. ಫೋಟೋ ನೋಡಿ ಅಜ್ಜಿಯ ಮುಖ ಬರೆಯಲು ಇಷ್ಟು ಸಾಕು.

ಅಕ್ರಿಲಿಕ್‌ನಲ್ಲಿ ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್, ಕಪ್ಪು ಕೊಳ್ಳಿ. ಸಿಕ್ಕಿದ್ದು ಮಾರ್ಸ್ ಬ್ಲ್ಯಾಕ್ ಆದರೆ ಅರ್ಧ ಪ್ರಮಾಣ ಸಾಕು, ಅದು ಬಲು ಜೋರು. ‘ಸ್ಕಿನ್ ಕಲರ್’ ಟ್ಯೂಬ್ ಮಾತ್ರ ಬೇಡ. ಯಾರನ್ನು ಬರೆದರೂ ಪ್ಲಾಸ್ಟಿಕ್ ಗೊಂಬೆಯಾಗುತ್ತದೆ.

ಕಿಟಕಿಯ ಬೆಳಕು ಒಂದೇ ಬದಿಯಿಂದ ಬೀಳುವ ಫೋಟೋ ಆರಿಸಿ. ಫ್ಲ್ಯಾಶ್ ಹಾಕಿದ್ದರಲ್ಲಿ ನೆರಳೇ ಇರುವುದಿಲ್ಲ. ಪೆನ್ಸಿಲಿನಲ್ಲಿ ತೆಳುವಾಗಿ ಗುರುತಿಸಿ. ಕಣ್ಣು ಬರುವುದು ನೆತ್ತಿ–ಗದ್ದಗಳ ನಡುಮಧ್ಯದಲ್ಲಿ.

ಇನ್ನು ಎಲ್ಲರೂ ಎಡವುವ ಜಾಗ. ಬ್ರಷ್ ಮುಟ್ಟುವ ಮೊದಲೇ ನಡುಬಣ್ಣ, ನೆರಳು, ಬೆಳಕು ಎಂದು ಮೂರು ಗುಡ್ಡೆ ಕಲಸಿಡಿ. ಗೋಧಿ ಮೈಬಣ್ಣಕ್ಕೆ ನಡುಬಣ್ಣವೆಂದರೆ ಓಕರ್ ಮೂರು ಪಾಲು, ಕೆಂಪು ಒಂದು, ಬಿಳಿ ಎರಡು. ಕಪ್ಪು ಮೈಬಣ್ಣವಾದರೆ ಬಿಳಿಯನ್ನು ಅರ್ಧಕ್ಕಿಳಿಸಿ, ಕಡ್ಡಿಯ ತುದಿಯಷ್ಟು ಕಪ್ಪು ಸೇರಿಸಿ. ನೆರಳಿಗೆಂದು ಇದಕ್ಕೆ ಬರೀ ಕಪ್ಪು ಸುರಿದರೆ ಕೆನ್ನೆ ಪಾಚಿ ಹಿಡಿದಂತೆ ಕಾಣುತ್ತದೆ, ಯಾಕೆಂದರೆ ಓಕರ್‌ಗೆ ಕಪ್ಪು ಸೇರಿದರೆ ಹಸಿರು. ಆದ್ದರಿಂದ ಮೊದಲು ಕೆಂಪು, ಆಮೇಲೆ ಕಪ್ಪು; ಬಿಳಿ ಬೇಡವೇ ಬೇಡ. ಬೆಳಕಿನ ಗುಡ್ಡೆಗೂ ಬಿಳಿಯೊಂದನ್ನೇ ಹಾಕಬೇಡಿ, ಬೂದಿ ಬಳಿದಂತಾದೀತು. ಜೊತೆಗೆ ಚೂರು ಓಕರ್ ಇರಲಿ. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ, ಹಾಗಾಗಿ ತುಂಡು ಕಾಗದಕ್ಕೆ ಹಚ್ಚಿ, ಒಣಗಿಸಿ ನೋಡಿ.

ಮೊದಲು ನೆರಳು, ಆಮೇಲೆ ನಡುಬಣ್ಣ, ಕೊನೆಗೆ ಬೆಳಕು. ಕಣ್ಣು ಕಿರಿದು ಮಾಡಿ ನೋಡುತ್ತಾ ದೊಡ್ಡ ಬ್ರಷ್‌ನಲ್ಲೇ ಹಚ್ಚಿ. ರೆಪ್ಪೆಗೂದಲು ಎಣಿಸುವ ಸಣ್ಣ ಬ್ರಷ್ ಡಬ್ಬಿಯಲ್ಲೇ ಇರಲಿ. ಕಣ್ಣಿನ ಬಿಳಿ, ಹಲ್ಲಿನ ಬಿಳಿ ಎರಡಕ್ಕೂ ಬೂದು ಬಣ್ಣ. ಶುದ್ಧ ಬಿಳಿ ಕಣ್ಣಿನ ಮಿಂಚಿಗೂ ಮೂಗುತಿಗೂ ಮಾತ್ರ.

ಏಪ್ರಿಲ್ ಸೆಕೆಗೆ ಕಲಸಿದ್ದು ಗಟ್ಟಿಯಾಗುತ್ತದೆ. ಬುತ್ತಿಯ ಮುಚ್ಚಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಬಟರ್ ಪೇಪರ್ ಹಾಸಿ ಕಲಸಿದರೆ ಸಂಜೆವರೆಗೂ ಮೆತ್ತಗಿರುತ್ತದೆ.

ಹಿನ್ನೆಲೆಗೆ ಬೇಕಲದ ಕಡಲು ಬೇಡ, ಆ ನೀಲಿ ಈ ನಾಲ್ಕರಲ್ಲಿ ಹುಟ್ಟುವುದಿಲ್ಲ. ಕಪ್ಪು–ಬಿಳಿಯ ಬೂದು ಮೈಬಣ್ಣದ ಪಕ್ಕದಲ್ಲಿ ತುಸು ನೀಲಿಯಾಗಿ ತೋರುತ್ತದೆ, ಸೀರೆಯ ಅಂಚಿಗೆ ಅಷ್ಟು ಸಾಕು. ಅಜ್ಜಿಯನ್ನು ಬೇಕಲ ಕೋಟೆಯ ಕೆಂಪುಕಲ್ಲಿನ ಗೋಡೆಗೆ ಒರಗಿಸಿ ಕೂರಿಸಿ. ಗೋಡೆಗೆ ಬೇಕಾದ ಬಣ್ಣ ನೆರಳಿನ ಗುಡ್ಡೆಯಲ್ಲೇ ಉಳಿದಿರುತ್ತದೆ.