ಹಿಸ್ಟರಿ ಅಳಿಸುವ ಮುನ್ನ ಒಮ್ಮೆ ತೆರೆದು ನೋಡಿ

ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿಕೊಂಡು ಕೂತಿದ್ದೆ. ತಿಂಗಳ ವರದಿಯ ಪುಟ ತೆರೆಯಬೇಕಿತ್ತು. ಅಡ್ರೆಸ್ ಬಾರ್‌ನಲ್ಲಿ ‘ಆರ್’ ಅಕ್ಷರ ಒತ್ತಿದ್ದೇ ತಡ, ಕೆಳಗೆ ಸಾಲಾಗಿ ಸಲಹೆಗಳು ಇಳಿದವು. ಎರಡನೆಯದೇ ‘ರೆಸಿಗ್ನೇಷನ್ ಲೆಟರ್ ಫಾರ್ಮ್ಯಾಟ್’. ಹುಡುಕಿದ್ದು ಗೆಳೆಯನಿಗಾಗಿ, ಅದೂ ಮೂರು ವಾರದ ಹಿಂದೆ. ಒಂಬತ್ತು ಜನ ಕಣ್ಣರಳಿಸಿ ನೋಡುತ್ತಿರುವಾಗ ಈ ಮಾತು ಹೇಳಿದರೆ ನಂಬುವವರು ಯಾರು? ತುಟಿಪಿಟಕ್ಕೆನ್ನದೆ ‘ರಿಪೋರ್ಟ್’ ಎಂದು ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿದೆ.

ಅವತ್ತು ಸಂಜೆ ಸಿಟ್ಟಿನಲ್ಲಿ ಮಾಡಿದ್ದು ಅದಕ್ಕಿಂತ ದೊಡ್ಡ ಎಡವಟ್ಟು. ಬ್ರೌಸರ್‌ನ ಹಿಸ್ಟರಿ, ಅಂದರೆ ನೋಡಿದ ಪುಟಗಳ ದಾಖಲೆ, ಅಳಿಸುವ ಕಿಟಕಿ ತೆರೆದು ‘ಆಲ್ ಟೈಮ್’ ಆರಿಸಿ, ಕಂಡ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿ, ಒಂದೇ ಏಟಿಗೆ ಅಳಿಸಿಬಿಟ್ಟೆ. ಮರುದಿನ ತೆರೆದ ಸೈಟೆಲ್ಲ ಪಾಸ್‌ವರ್ಡ್ ಕೇಳಿತು. ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳೂ ಅದೇ ಟಿಕ್‌ನಲ್ಲಿ ಹೋಗಿದ್ದವು. ಸ್ವಲ್ಪ ಸ್ವಲ್ಪವೇ ಓದುತ್ತಿದ್ದ ಒಂದು ಉದ್ದದ ಲೇಖನ ಯಾವ ಸೈಟಿನಲ್ಲಿತ್ತು ಎಂಬುದು ಇವತ್ತಿಗೂ ಸಿಕ್ಕಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ನಿಜಕ್ಕೂ ಹೋಗಬೇಕಿದ್ದದ್ದು ಒಂದೇ ಒಂದು ಸಾಲು. ಅದನ್ನು ತೆಗೆಯಲು ಎರಡು ಕೀ ಸಾಕಿತ್ತು.

ಒಂದೇ ಸಾಲು ತೆಗೆಯಬೇಕೆ?

ಮುಜುಗರ ತರುವ ಸಲಹೆ ಯಾವ ಅಕ್ಷರಕ್ಕೆ ಬರುತ್ತದೋ ಆ ಅಕ್ಷರವನ್ನು ಅಡ್ರೆಸ್ ಬಾರ್‌ನಲ್ಲಿ ಒತ್ತಿ. ಎಂಟರ್ ಒತ್ತಬೇಡಿ. ಕೆಳಮುಖದ ಬಾಣದ ಕೀಯಿಂದ ಆ ಸಾಲಿಗೆ ಇಳಿಯಿರಿ. ಸಾಲಿನ ಬಣ್ಣ ಬದಲಾದಾಗ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ಸಾಲು ಮಾಯ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದು ನಡೆಯುತ್ತದೆ. ಮ್ಯಾಕ್‌ನಲ್ಲಿ ಕ್ರೋಮ್ ಬಳಸುವವರು ಇವುಗಳ ಜೊತೆ ಎಫ್‌ಎನ್ ಕೀಯನ್ನೂ ಹಿಡಿಯಬೇಕು. ಹೆಚ್ಚಿನವರಿಗೆ ಹಿಸ್ಟರಿಯ ತಲೆನೋವು ಅಂದರೆ ಇಷ್ಟೇ ಆಗಿರುತ್ತದೆ. ಅಂಥವರು ಮುಂದೆ ಓದದಿದ್ದರೂ ನಡೆಯುತ್ತದೆ.

ಒಂದು ಸೈಟು, ಒಂದು ದಿನ

ಒಂದು ವಿಷಯಕ್ಕೆ ಸಂಬಂಧಿಸಿದ್ದೆಲ್ಲ ಹೋಗಬೇಕಾದರೆ ಹಿಸ್ಟರಿ ಪುಟವನ್ನೇ ತೆರೆಯಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಎಚ್. ಮ್ಯಾಕ್‌ನಲ್ಲಿ ಕ್ರೋಮ್ ಆದರೂ ಸಫಾರಿ ಆದರೂ ಕಮಾಂಡ್ ಮತ್ತು ವೈ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪುಟ ಎಂಬುದೆಲ್ಲ ಲೆಕ್ಕದ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಕ್ರೋಮ್ ಇಲ್ಲಿ ತೋರಿಸುವುದು ಕಳೆದ 90 ದಿನಗಳದ್ದನ್ನು ಮಾತ್ರ. ಹಾಗಾಗಿ ಹೋದ ವರ್ಷ ನೋಡಿದ್ದರ ಬಗ್ಗೆ ಈ ಪುಟದ ಮಟ್ಟಿಗೆ ನಿಶ್ಚಿಂತೆಯಿಂದಿರಬಹುದು.

ಪುಟದ ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಸೈಟಿನ ಹೆಸರನ್ನೋ ವಿಷಯದ ಪದವನ್ನೋ ಹಾಕಿ. ಬಂದ ಪಟ್ಟಿಯಲ್ಲಿ ಮೊದಲ ಸಾಲಿನ ಚೌಕಕ್ಕೆ ಟಿಕ್ ಮಾಡಿ, ಕೊನೆಯ ಸಾಲಿಗೆ ಹೋಗಿ ಶಿಫ್ಟ್ ಹಿಡಿದು ಟಿಕ್ ಮಾಡಿದರೆ ನಡುವಿನವೆಲ್ಲ ತಾವಾಗಿಯೇ ಆಯ್ಕೆಯಾಗುತ್ತವೆ. ಮೇಲೆ ಡಿಲೀಟ್ ಗುಂಡಿ ಕಾಣಿಸುತ್ತದೆ, ಒತ್ತಿ. ಇದು ಕ್ರೋಮ್‌ನ ದಾರಿ. ಎಡ್ಜ್‌ನದು ಹೆಚ್ಚುಕಡಿಮೆ ಇದೇ.

ಈ ಕೆಲಸಕ್ಕೆ ಫೈರ್‌ಫಾಕ್ಸ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಿಸ್ಟರಿ ಪಟ್ಟಿಯಲ್ಲಿ ಯಾವುದಾದರೂ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಫರ್ಗೆಟ್ ಅಬೌಟ್ ದಿಸ್ ಸೈಟ್’ ಎಂಬ ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ಆ ಸೈಟಿನ ಪುಟಗಳಷ್ಟೇ ಅಲ್ಲ, ಕುಕಿ (ಸೈಟು ಇಟ್ಟುಹೋಗುವ ಗುರುತಿನ ಚೀಟಿ), ಕ್ಯಾಶೆ (ಉಳಿಸಿಕೊಂಡ ಚಿತ್ರ, ಪುಟದ ಭಾಗಗಳು) ಎಲ್ಲ ಒಟ್ಟಿಗೇ ಹೋಗುತ್ತವೆ. ಆ ಸೈಟಿನ ಮುಖವನ್ನೇ ನೋಡಿಲ್ಲ ಎಂಬಂತೆ ಬ್ರೌಸರ್ ಕೂತಿರುತ್ತದೆ. ಮತ್ತೆ ತರಿಸಿಕೊಳ್ಳುವ ದಾರಿ ಮಾತ್ರ ಇಲ್ಲ. ದಿನಾ ಲಾಗಿನ್ ಆಗುವ ಸೈಟಿನ ಮೇಲೆ ಕೈತಪ್ಪಿ ಒತ್ತಬೇಡಿ.

ದೊಡ್ಡ ಪೊರಕೆ

ಇಷ್ಟಾದ ಮೇಲೂ ಎಲ್ಲ ಗುಡಿಸಲೇಬೇಕೆಂದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನ ಕ್ರೋಮ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಹಳೆಯ ಆವೃತ್ತಿಗಳಲ್ಲಿ ‘ಕ್ಲಿಯರ್ ಬ್ರೌಸಿಂಗ್ ಡೇಟಾ’ ಎಂದೂ ಹೊಸದರಲ್ಲಿ ‘ಡಿಲೀಟ್ ಬ್ರೌಸಿಂಗ್ ಡೇಟಾ’ ಎಂದೂ ತಲೆಬರಹವಿರುವ ಕಿಟಕಿ ತೆರೆಯುತ್ತದೆ. ನಾನು ಎಡವಿದ್ದು ಇಂಥದೇ ಕಿಟಕಿಯ ಮುಂದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೊದಲು ಕಣ್ಣು ಹಾಯಿಸಬೇಕಾದದ್ದು ಅವಧಿಯ ಮೇಲೆ. ಕಳೆದ ಒಂದು ಗಂಟೆ, 24 ಗಂಟೆ, 7 ದಿನ, 4 ವಾರ, ಪೂರ್ತಿ ಕಾಲ: ಹೀಗೆ ಆಯ್ಕೆಗಳಿವೆ. ಇನ್ನೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಗಂಟೆ ಕೆಲಸ ಮಾಡಿದ್ದರೆ ‘ಕಳೆದ ಒಂದು ಗಂಟೆ’ ಸಾಕು, ಅವರ ಮೂರು ತಿಂಗಳ ಹಿಸ್ಟರಿಗೆ ನೀವು ಕೈಹಾಕಬೇಕಿಲ್ಲ. ಬೇಕಾದ ಅವಧಿ ತಾನೇ ಆಯ್ಕೆಯಾಗಿದೆ ಎಂದುಕೊಳ್ಳಬೇಡಿ, ಓದಿ ನೋಡಿ.

ಆಮೇಲೆ ಚೌಕಗಳು. ‘ಬ್ರೌಸಿಂಗ್ ಹಿಸ್ಟರಿ’ ಅಂದರೆ ಭೇಟಿ ಕೊಟ್ಟ ಪುಟಗಳ ಪಟ್ಟಿ. ಹೋಗಬೇಕಿರುವುದು ಬಹುತೇಕ ಇದೊಂದೇ. ‘ಕುಕೀಸ್’ ಅಂದರೆ ಸೈಟುಗಳು ನಮ್ಮ ಗುರುತಿಗಾಗಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಹೋಗುವ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದ್ದು ಒಂದು ಸರಳ ತೊಂದರೆಗಾಗಿ: ಅಂಗಡಿಯ ಸೈಟಿನಲ್ಲಿ ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋದರೂ ನೆನಪಿರಬೇಕಿತ್ತು. ಈಗ ಲಾಗಿನ್ ಉಳಿಯುವುದೂ ಇದರಿಂದಲೇ, ಜಾಹೀರಾತು ಬೆನ್ನಟ್ಟುವುದೂ ಇದರಿಂದಲೇ. ಇದಕ್ಕೆ ಟಿಕ್ ಹಾಕಿದಿರೋ, ಹೆಚ್ಚಿನ ಸೈಟುಗಳಿಂದ ಹೊರಬೀಳುತ್ತೀರಿ.

‘ಕ್ಯಾಶ್ಡ್ ಇಮೇಜಸ್’ ಎಂದರೆ ಮತ್ತೆ ಮತ್ತೆ ತರಿಸುವ ಶ್ರಮ ತಪ್ಪಲೆಂದು ಉಳಿಸಿಕೊಂಡ ಚಿತ್ರ ಮತ್ತು ಪುಟದ ಭಾಗಗಳು. ಅಳಿಸಿದರೆ ಜಾಗ ಸ್ವಲ್ಪ ಸಿಗುತ್ತದೆ, ಮೊದಲ ಸಲ ಸೈಟು ತೆರೆಯಲು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಸೈಟು ಅಂಕುಡೊಂಕಾಗಿ ಕಾಣುತ್ತಿದ್ದರೆ ಇದನ್ನು ಅಳಿಸುವುದು ಒಳ್ಳೆಯ ಮದ್ದು. ‘ಡೌನ್‌ಲೋಡ್ ಹಿಸ್ಟರಿ’ ಅಳಿಸಿದರೆ ಪಟ್ಟಿ ಮಾತ್ರ ಹೋಗುತ್ತದೆ. ಇಳಿಸಿಕೊಂಡ ಫೈಲು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತದೆ. ಪಟ್ಟಿ ಅಳಿಸಿ ಫೈಲನ್ನು ಬಿಟ್ಟುಬರುವವರೇ ಹೆಚ್ಚು. ಪಾಸ್‌ವರ್ಡ್ ಮತ್ತು ಆಟೋಫಿಲ್ (ಹೆಸರು, ವಿಳಾಸ ತಾನಾಗಿಯೇ ತುಂಬಿಕೊಡುವುದು) ಚೌಕಗಳ ತಂಟೆಗೆ ಹೋಗಲೇಬೇಡಿ.

ಇನ್ನೊಂದು ಬಲೆ ಸಿಂಕ್, ಅಂದರೆ ಒಂದು ಸಾಧನದಲ್ಲಿರುವುದು ಇನ್ನೊಂದರಲ್ಲೂ ಹಾಗೇ ಇರುವಂತೆ ಮಾಡುವ ಏರ್ಪಾಡು. ಲ್ಯಾಪ್‌ಟಾಪ್‌ನಲ್ಲೂ ಫೋನ್‌ನಲ್ಲೂ ಒಂದೇ ಖಾತೆಯಿಂದ ಹಿಸ್ಟರಿ ಸಿಂಕ್ ಆಗುತ್ತಿದ್ದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಫೋನ್‌ನಲ್ಲಿ ಉಳಿಯಬೇಕೆಂದರೆ ಅಳಿಸುವ ಮುಂಚೆಯೇ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಸಿಂಕ್ ನಿಲ್ಲಿಸಿ.

ಸಫಾರಿಯ ಮಾತು ಬೇರೆ. ಅಲ್ಲಿ ಹಿಸ್ಟರಿ ಮೆನುವಿನ ಕೊನೆಯಲ್ಲಿರುವ ‘ಕ್ಲಿಯರ್ ಹಿಸ್ಟರಿ’ ಒತ್ತಿದರೆ ಕುಕಿಗಳೂ ಸೇರಿಯೇ ಹೋಗುತ್ತವೆ, ಬಿಡಿ ಚೌಕಗಳೇ ಇಲ್ಲ. ಆದರೆ ಮೆನು ತೆರೆದಿರುವಾಗ ಆಪ್ಷನ್ ಕೀ ಹಿಡಿದರೆ ಅದೇ ಸಾಲು ‘ಕ್ಲಿಯರ್ ಹಿಸ್ಟರಿ ಆ್ಯಂಡ್ ಕೀಪ್ ವೆಬ್‌ಸೈಟ್ ಡೇಟಾ’ ಎಂದು ಬದಲಾಗುತ್ತದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಒಂದು ಕೀಯ ಹಿಂದೆ ಯಾಕೆ ಅಡಗಿಸಿಟ್ಟಿದ್ದಾರೋ!

ತಾನಾಗಿಯೇ ಅಳಿಯುವ ಹಾಗೆ

ದಿನಾ ಇದೇ ಕೆಲಸ ಮಾಡಲು ಬೇಸರವಾದರೆ ಬ್ರೌಸರ್‌ಗೇ ವಹಿಸಿಬಿಡಬಹುದು. ಎಡ್ಜ್‌ನ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ, ಪ್ರತಿ ಸಲ ಬ್ರೌಸರ್ ಮುಚ್ಚಿದಾಗ ಏನೇನು ಅಳಿಯಬೇಕೆಂದು ಆರಿಸುವ ಜಾಗವಿದೆ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅಲ್ಲಿ ಹಿಸ್ಟರಿ ಭಾಗಕ್ಕೆ ಬಂದು ‘ಯೂಸ್ ಕಸ್ಟಮ್ ಸೆಟ್ಟಿಂಗ್ಸ್’ ಆರಿಸಿದರೆ ಮುಚ್ಚುವಾಗ ಅಳಿಸುವ ಚೌಕ ಕಾಣುತ್ತದೆ. ಸಫಾರಿಯ ಜನರಲ್ ಸೆಟ್ಟಿಂಗ್ಸ್‌ನಲ್ಲಿ ಒಂದು ದಿನ, ಒಂದು ವಾರ, ಎರಡು ವಾರ, ಒಂದು ತಿಂಗಳು, ಒಂದು ವರ್ಷ ಎಂದು ಗಡುವು ಕೊಡಬಹುದು. ಕ್ರೋಮ್‌ನಲ್ಲಿ ಮುಚ್ಚಿದಾಗ ಸೈಟುಗಳ ಕುಕಿ ಅಳಿಸುವ ಏರ್ಪಾಡಿದೆ, ಹಿಸ್ಟರಿಗೆ ಅಂಥದ್ದಿಲ್ಲ. ನನ್ನ ಮಟ್ಟಿಗೆ ಹಿಡಿಸಿದ್ದು ಸಫಾರಿಯ ಗಡುವು. ನಿನ್ನೆ ನೋಡಿದ ಪುಟ ಇವತ್ತು ಬೇಕಾಗುತ್ತದೆ. ಆರು ತಿಂಗಳ ಹಿಂದಿನದು ಯಾರಿಗೆ ಬೇಕು?

ಗುಪ್ತ ಕಿಟಕಿ ಎಷ್ಟು ಗುಪ್ತ

ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ತೆರೆಯುವ ಕಿಟಕಿಯಲ್ಲಿ ನೋಡಿದ ಪುಟಗಳು ಹಿಸ್ಟರಿಗೆ ಸೇರುವುದಿಲ್ಲ, ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಕುಕಿಗಳೂ ಹೋಗುತ್ತವೆ. ಸಫಾರಿಯಲ್ಲಿ 2005ರಲ್ಲೇ ಈ ಸೌಲಭ್ಯ ಬಂತು. 2008ರಲ್ಲಿ ಕ್ರೋಮ್ ಇದಕ್ಕೆ ‘ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟ ಮೇಲೆ ಮನೆಮಾತಾಯಿತು. ಆ ಹೆಸರೇ ಜನರನ್ನು ದಾರಿತಪ್ಪಿಸಿದ್ದು ಎನ್ನಬೇಕು. ಅಳಿಯುವುದು ಲ್ಯಾಪ್‌ಟಾಪ್‌ನಲ್ಲಿರುವ ದಾಖಲೆ ಮಾತ್ರ. ನೀವು ಯಾವ ಸೈಟಿಗೆ ಹೋದಿರಿ ಎಂಬುದು ಇಂಟರ್ನೆಟ್ ಕೊಡುವ ಕಂಪನಿಗೆ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ, ಹೋದ ಸೈಟಿಗೆ ಕಾಣಿಸಬಲ್ಲದು. ಇದೇ ವಿಚಾರವಾಗಿ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಲಾಯಿತು. 2024ರ ರಾಜಿಯಲ್ಲಿ, ಗುಪ್ತ ಕಿಟಕಿಯ ಮೂಲಕ ಸಂಗ್ರಹವಾಗಿದ್ದ ಅಪಾರ ದಾಖಲೆಗಳನ್ನು ನಾಶಮಾಡಲು ಕಂಪನಿ ಒಪ್ಪಿಕೊಂಡಿತು.

ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಇನ್ನೂ ಬಿಗಿ. ಹಿಸ್ಟರಿ ಅಳಿಸುವ ಆಯ್ಕೆಯನ್ನೇ ಐಟಿ ವಿಭಾಗ ಮುಚ್ಚಿಟ್ಟಿರಬಹುದು. ಅಲ್ಲಿ ಸ್ವಂತ ಕೆಲಸ ಮಾಡದಿರುವುದೇ ಲೇಸು.

ಖಾತೆಯೊಳಗಿನ ಪ್ರತಿ

ಗೂಗಲ್‌ಗೆ ಲಾಗಿನ್ ಆಗಿ ಹುಡುಕಿದ್ದು ಬ್ರೌಸರ್‌ನಲ್ಲಷ್ಟೇ ಅಲ್ಲ, ಖಾತೆಯಲ್ಲೂ ಕೂತಿರಬಹುದು. ಲ್ಯಾಪ್‌ಟಾಪ್ ಪೂರ್ತಿ ಗುಡಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಗೂಗಲ್ ಖಾತೆಯ ‘ಮೈ ಆ್ಯಕ್ಟಿವಿಟಿ’ ಪುಟಕ್ಕೆ ಹೋದರೆ ಹುಡುಕಾಟ, ಯೂಟ್ಯೂಬ್‌ನಲ್ಲಿ ನೋಡಿದ್ದು ಎಲ್ಲ ತಾರೀಖು ಸಮೇತ ಸಿಗುತ್ತವೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ಕೆನ್ನಬಹುದು. ಅಲ್ಲೇ ‘ಆಟೋ ಡಿಲೀಟ್’ ಇದೆ: 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿಯೇ ಅಳಿಯುವಂತೆ ಮಾಡಬಹುದು. ನಾನು 3 ಇಟ್ಟುಕೊಂಡಿದ್ದೇನೆ. ಎಡ್ಜ್ ಬಳಸುವವರು ಮೈಕ್ರೋಸಾಫ್ಟ್ ಖಾತೆಯ ಪ್ರೈವಸಿ ಪುಟವನ್ನೂ ಒಮ್ಮೆ ಇಣುಕಿ ನೋಡಿ.

ಒಂದು ಲ್ಯಾಪ್‌ಟಾಪ್ ಅನ್ನು ಇಬ್ಬರು ಮೂವರು ಬಳಸುವ ಮನೆಗೆ ಅಳಿಸುವುದಕ್ಕಿಂತ ಬೇರ್ಪಡಿಸುವುದೇ ವಾಸಿ. ಬ್ರೌಸರ್‌ನ ಮೇಲಿನ ಮೂಲೆಯಲ್ಲಿರುವ ದುಂಡು ಚಿತ್ರ ಒತ್ತಿ ಒಬ್ಬೊಬ್ಬರಿಗೂ ಒಂದೊಂದು ಪ್ರೊಫೈಲ್ ಮಾಡಿಕೊಡಿ. ಹಿಸ್ಟರಿ, ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಬೇರೆ ಬೇರೆ ಇರುತ್ತವೆ. ಒಬ್ಬರದು ಇನ್ನೊಬ್ಬರು ತೆರೆಯದಂತೆ ಬೀಗವೇನೂ ಇರುವುದಿಲ್ಲ ಎಂಬುದು ನೆನಪಿರಲಿ. ಅದು ಬೇಕಿದ್ದರೆ ವಿಂಡೋಸ್‌ನಲ್ಲೇ ಬೇರೆ ಬೇರೆ ಲಾಗಿನ್ ಮಾಡಬೇಕು. ಬಂದುಹೋಗುವವರಿಗೆ ಗೆಸ್ಟ್ ಕಿಟಕಿ ತೆರೆದುಕೊಟ್ಟರಾಯಿತು.

ಅಳಿಸಿದ್ದು ಹೋಯಿತೆ?

ಪರೀಕ್ಷೆ ಸುಲಭ. ಅಡ್ರೆಸ್ ಬಾರ್‌ನಲ್ಲಿ ಅದೇ ಅಕ್ಷರ ಮತ್ತೆ ಒತ್ತಿ. ಸಲಹೆ ಇನ್ನೂ ಬರುತ್ತಿದ್ದರೆ ಅದರ ಎಡಬದಿಯ ಗುರುತು ನೋಡಿ. ಭೂತಗನ್ನಡಿ ಇದ್ದರೆ ಅದು ಸರ್ಚ್ ಎಂಜಿನ್ ಕಳಿಸುತ್ತಿರುವ ಸಲಹೆ ಆಗಿರಬಹುದು, ನಿಮ್ಮ ಹಿಸ್ಟರಿಯಲ್ಲದೆಯೂ ಬರುತ್ತದೆ. ನಕ್ಷತ್ರ ಇದ್ದರೆ ಆ ಪುಟವನ್ನು ಯಾವಾಗಲೋ ನೀವೇ ಬುಕ್‌ಮಾರ್ಕ್ ಮಾಡಿದ್ದೀರಿ. ಹಿಸ್ಟರಿಯನ್ನು ಎಷ್ಟು ಸಲ ಅಳಿಸಿದರೂ ಬುಕ್‌ಮಾರ್ಕ್ ಅಲುಗಾಡುವುದಿಲ್ಲ. ಕಂಟ್ರೋಲ್, ಶಿಫ್ಟ್, ಓ ಒತ್ತಿ ಬುಕ್‌ಮಾರ್ಕ್ ಪಟ್ಟಿ ತೆರೆದು, ಅದನ್ನು ಅಲ್ಲಿಂದಲೇ ತೆಗೆಯಬೇಕು. ನನ್ನ ಪಟ್ಟಿಯಲ್ಲೂ ಒಂದು ಸಿಕ್ಕಿತು: ಗೆಳೆಯನಿಗೆಂದು ಹುಡುಕಿದ ಪತ್ರದ್ದೇ, ನಕ್ಷತ್ರ ಸಮೇತ.