ಅನ್ನ ಬಿಡದೆ 60 ಕೆಜಿಗೆ ಇಳಿಯುವುದು

ಬಾಕ್ಸಿಂಗ್‌ಗೆ ತೂಕ ಇಳಿಸುವ ಬಗ್ಗೆ ಮೊಬೈಲ್‌ನಲ್ಲಿ ಸಿಗುವ ವಿಡಿಯೊಗಳಲ್ಲಿ ಮುಕ್ಕಾಲು ಪಾಲು ನಮಗೆ ಉಪಯೋಗಕ್ಕೆ ಬರುವುದಿಲ್ಲ. ಅವು ದುಡ್ಡಿಗೆ ಆಡುವ ಪ್ರೊಫೆಷನಲ್‌ಗಳ ವಿಡಿಯೊ. ಅವರ ತೂಕ ನೋಡುವುದು ಸಾಮಾನ್ಯವಾಗಿ ಬೌಟ್‌ನ (ಪಂದ್ಯದ) ಹಿಂದಿನ ದಿನ. ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಕೂತು ನಾಲ್ಕೈದು ಕೆಜಿ ಇಳಿಸುತ್ತಾರೆ. ಆಮೇಲೆ ಒಂದು ಹಗಲು, ಒಂದು ರಾತ್ರಿ ಕುಡಿದು ತಿಂದು ತುಂಬಿಕೊಳ್ಳುತ್ತಾರೆ. ನಮ್ಮ ಅಮೆಚೂರ್ ಟೂರ್ನಿಯಲ್ಲಿ ತೂಕ ನೋಡುವುದು ಬೌಟ್ ಇರುವ ದಿನವೇ ಬೆಳಿಗ್ಗೆ. ಗೆದ್ದರೆ ಮುಂದಿನ ಬೌಟ್ ದಿನ ಬೆಳಿಗ್ಗೆ ಮತ್ತೆ ಕಾಟಾ ಹತ್ತಬೇಕು. ತೂಕಕ್ಕೂ ಬೌಟ್‌ಗೂ ಮಧ್ಯೆ ಸಿಗುವುದು ಕೆಲವೇ ಗಂಟೆ. ಮೂರು ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟರಲ್ಲಿ ನಾಲ್ಕು ಲೀಟರ್ ನೀರು ಮೈಗೆ ಸೇರುವುದಿಲ್ಲ, ಹೊಟ್ಟೆಯಲ್ಲೇ ಕುಲುಕುತ್ತಿರುತ್ತದೆ.

ಹಗಲು ನಾನು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಕಾಟಾ ನೋಡುತ್ತೇನೆ, ಸಂಜೆ ಹುಡುಗ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತಾ ಪ್ಯಾಡ್ ಹಿಡಿಯುತ್ತೇನೆ. ಎರಡೂ ಕಡೆ ತೂಕದ್ದೇ ಮಾತು. ಅಡಿಕೆಯಲ್ಲಾದರೆ ನೀರು ಹೋದಷ್ಟೂ ಮಾಲು ಒಳ್ಳೆಯದು. ಬಾಕ್ಸರ್ ವಿಷಯದಲ್ಲಿ ಪೂರ್ತಿ ಉಲ್ಟಾ: ನೀರು ಉಳಿಯಬೇಕು, ಕೊಬ್ಬು ಹೋಗಬೇಕು. ಅದಕ್ಕೆ ವಾರಗಳು ಬೇಕು.

ಮೊದಲು ಆಡುವ ತೂಕದ ವರ್ಗ ಸರಿಯಾಗಿ ಆರಿಸಿ. ವರ್ಲ್ಡ್ ಬಾಕ್ಸಿಂಗ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 2025ರಿಂದ ತಂದ ಪಟ್ಟಿಯಲ್ಲಿ ಗಂಡಸರಿಗೆ 50ರಿಂದ 90ರವರೆಗೆ ಐದೈದು ಕೆಜಿಗೆ ಒಂದು ವರ್ಗ. ಹೆಂಗಸರಿಗೆ 48, 51, 54, 57, 60, ಆಮೇಲೆ 65, 70, 75, 80. ನಿಮ್ಮ ಟೂರ್ನಿಯ ಸುತ್ತೋಲೆಯಲ್ಲಿ ಯಾವ ಪಟ್ಟಿ ಇದೆ ಅಂತ ನೋಡಿಕೊಂಡೇ ಶುರು ಮಾಡಿ. ನನ್ನ ಲೆಕ್ಕ ಇಷ್ಟೇ: ಆರು ವಾರ ಕೈಯಲ್ಲಿದ್ದರೆ ದೇಹತೂಕದ ನೂರಕ್ಕೆ 5ರಷ್ಟು ಇಳಿಸಬಹುದು. 63 ಇರುವವನು 60ಕ್ಕೆ ಬರಲಿ. 66 ಇರುವವನು 65ರಲ್ಲಿ ಆಡಲಿ, ಸುಮ್ನೆ 60ರ ಆಸೆ ಬೇಡ. ಕೆಳಗಿನ ವರ್ಗದಲ್ಲಿ ಎದುರಾಳಿ ಚಿಕ್ಕವನಿರುತ್ತಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಎದುರಾಳಿಯೂ ಹಾಗೇ ಅಂದುಕೊಂಡು ಮೇಲಿನಿಂದ ಇಳಿದು ಬಂದಿರುತ್ತಾನೆ, ಅಲ್ವಾ? ಇನ್ನು 18 ದಾಟದ ಮಕ್ಕಳು ತೂಕ ಇಳಿಸುವುದೇ ಬೇಡ. ಬೆಳೆಯುವ ಮೈ ಅದು, ಇದ್ದ ತೂಕದಲ್ಲೇ ಆಡಲಿ.

ಈಗ 63ರಿಂದ 60ರ ದಾರಿ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ವಾರಕ್ಕೆ ಅರ್ಧ ಕೆಜಿ ಇಳಿಯಬೇಕು ಅಂದರೆ ದಿನಕ್ಕೆ 550 ಕ್ಯಾಲೊರಿ ಕಡಿಮೆ ಮಾಡಿದರೆ ಸಾಕು. ಐದು ವಾರಕ್ಕೆ ಎರಡೂವರೆ ಕೆಜಿ. ಉಳಿದ ಅರ್ಧ ಕೆಜಿ ಕೊನೇ ಎರಡು ಮೂರು ದಿನದ ಕೆಲಸ. ವಾರಕ್ಕೆ ದೇಹತೂಕದ ನೂರಕ್ಕೆ ಒಂದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಖುಷಿ ಪಡಬೇಡಿ. ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತಿರುವ ಸಾಧ್ಯತೆ ಜಾಸ್ತಿ.

ಈ 550ನ್ನು ಎಲ್ಲಿಂದ ತೆಗೆಯುವುದು? ಹುಡುಗರು ಮೊದಲು ಕೈ ಹಾಕುವುದು ಅನ್ನಕ್ಕೆ. ನಾನು ಮೊದಲು ಅವರ ಮನೆಯ ಎಣ್ಣೆ ಬಾಟಲಿ ಬಗ್ಗೆ ಕೇಳುತ್ತೇನೆ. ಒಂದು ದೊಡ್ಡ ಚಮಚ ಎಣ್ಣೆ, ತೆಂಗಿನದ್ದಾಗಲಿ ಬೇರೆಯದ್ದಾಗಲಿ, 120 ಕ್ಯಾಲೊರಿ. ಅಕ್ಕಿ ರೊಟ್ಟಿಯ ಮೇಲೆ ಸುರಿಯುವುದು, ಕಡುಬಿನ ಮೇಲಿನ ತುಪ್ಪ, ಒಗ್ಗರಣೆ, ಎಲ್ಲ ಸೇರಿ ದಿನಕ್ಕೆ ಮೂರು ಚಮಚ ಕಡಿಮೆ ಮಾಡಿದರೆ 360 ಹೋಯಿತು. ನಾಲ್ಕು ಲೋಟ ಕಾಫಿ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಅಂದರೆ 160. ಬೆಲ್ಲದ ಕಾಫಿ ಕುಡಿದರೂ ಲೆಕ್ಕ ಹೆಚ್ಚು ಕಡಿಮೆ ಅದೇ. ಬೆಲ್ಲ ಅಂದ ಮಾತ್ರಕ್ಕೆ ಕಾಟಾ ಮೋಸ ಹೋಗುವುದಿಲ್ಲ. ಇಲ್ಲಿಗೇ 520 ಆಯಿತು, ಅನ್ನದ ಒಂದು ಅಗುಳೂ ಮುಟ್ಟಿಲ್ಲ. ಮಳೆಗಾಲದಲ್ಲಿ ಇನ್ನೊಂದು ಶತ್ರು ಇದೆ, ಡಬ್ಬಿಯಲ್ಲಿಟ್ಟ ಹಲಸಿನ ಚಿಪ್ಸ್. ಹೊರಗೆ ಜಡಿಮಳೆ, ಕೈಯಲ್ಲಿ ಡಬ್ಬಿ. 50 ಗ್ರಾಂ ತಿಂದರೆ ಸುಮಾರು 250 ಕ್ಯಾಲೊರಿ, ಹೊಟ್ಟೆ ತುಂಬಿದ ಹಾಗೂ ಆಗುವುದಿಲ್ಲ. ಹಸಿ ತೆಂಗಿನತುರಿಯೂ 100 ಗ್ರಾಮಿಗೆ 350 ಇದೆ, ಪಲ್ಯದ ಮೇಲೆ ಉದುರಿಸುವಾಗ ನೆನಪಿರಲಿ. ಅದೇ ಒಂದೆಲಗದ ತಂಬುಳಿ, ಹುರುಳಿಕಾಳಿನ ಸಾರು, ಅಪ್ಪೆಹುಳಿ ಇವೆಲ್ಲ ನಮ್ಮ ಪರ. ತಂಬುಳಿಗೆ ಕಾಯಿ ಕಡಿಮೆ ಮಾಡಿ ಮಜ್ಜಿಗೆ ಜಾಸ್ತಿ ಹಾಕಿಸಿಕೊಳ್ಳಿ. ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಮೊದಲೇ ಹೇಳಿಬಿಡಿ. ‘ಇನ್ನೊಂದು ಕಡುಬು ಹಾಕ್ಕೊ ಮಗಾ’ ಅನ್ನುವಾಗ ಬೇಡ ಅನ್ನುವುದು ಜೊತೆಗಾರನ ಎದುರು ಸ್ಪಾರಿಂಗ್ ಮಾಡುವುದಕ್ಕಿಂತ ಕಷ್ಟ.

ಅನ್ನ ಯಾಕೆ ಬಿಡಬಾರದು ಅಂದರೆ, ಬಾಕ್ಸಿಂಗ್ ನಡೆಯುವುದೇ ಅದರ ಮೇಲೆ. ತಿಂದ ಅನ್ನ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಆಗಿ ಕೂರುತ್ತದೆ. ಒಬ್ಬ ಮನುಷ್ಯನಲ್ಲಿ 400–500 ಗ್ರಾಂ. ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅದಕ್ಕೇ ಅನ್ನ ಬಿಟ್ಟ ನಾಲ್ಕನೇ ದಿನಕ್ಕೆ ಒಂದೂವರೆ ಕೆಜಿ ಇಳಿದ ಹಾಗೆ ಕಾಣುತ್ತದೆ. ಕೊಬ್ಬು ಅಲ್ಲಾಡಿರುವುದಿಲ್ಲ. ಮೂರು ನಿಮಿಷದ ಮೂರು ರೌಂಡ್ ಅಂದರೆ ಮೊದಲ ರೌಂಡ್ ಹೇಗೋ ದಾಟಬಹುದು, ಮೂರನೇ ರೌಂಡ್‌ನಲ್ಲಿ ಕಾಲು ಏಳುವುದಿಲ್ಲ, ಮುಖ ಕಾಯುವ ಕೈ, ಅಂದರೆ ಗಾರ್ಡ್, ಇಳಿದುಬಿಡುತ್ತದೆ.

ಹಾಗಾಗಿ ಅನ್ನವನ್ನು ತಾಲೀಮಿನ ಸುತ್ತ ಇಡಿ. ಸ್ಪಾರಿಂಗ್ ಅಥವಾ ಜೋರು ಬ್ಯಾಗ್ ಕೆಲಸ ಇರುವ ದಿನ ಒಂದು ಕೆಜಿ ದೇಹತೂಕಕ್ಕೆ 4–5 ಗ್ರಾಂ ಕಾರ್ಬ್ (ಕಾರ್ಬೊಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ), ಹಗುರ ದಿನ 3 ಗ್ರಾಂ. 63 ಕೆಜಿಯವನಿಗೆ ಜೋರು ದಿನ 250–300 ಗ್ರಾಂ ಆಯಿತು. 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಇರುತ್ತದೆ, ಮನೆಯಲ್ಲಿ ಒಮ್ಮೆ ತೂಗಿ ಲೋಟದ ಅಳತೆ ಗುರುತು ಮಾಡಿಕೊಳ್ಳಿ. ಸಂಜೆ ತಾಲೀಮು ಇದ್ದರೆ ಮಧ್ಯಾಹ್ನ ಸರಿಯಾದ ಊಟ, ನಾಲ್ಕು ಗಂಟೆಗೆ ಎರಡು ಏಲಕ್ಕಿ ಬಾಳೆ ಅಥವಾ ಒಂದು ಹಿಡಿ ಅವಲಕ್ಕಿ, ಮುಗಿದ ಮೇಲೆ ಅನ್ನ, ಮೊಟ್ಟೆ. ರಜೆಯ ದಿನ ಅನ್ನ ಅರ್ಧ, ಸೊಪ್ಪು ಡಬಲ್.

ಪ್ರೋಟೀನ್ ಮಾತ್ರ ಯಾವ ದಿನವೂ ಕಡಿಮೆಯಾಗಬಾರದು. ಕೆಜಿಗೆ 1.6ರಿಂದ 2.2 ಗ್ರಾಂ, ಅಂದರೆ ನಮ್ಮ ಹುಡುಗನಿಗೆ ದಿನಕ್ಕೆ 100 ಗ್ರಾಂ ದಾಟಬೇಕು. ನಾಲ್ಕು ಮೊಟ್ಟೆ, 200 ಗ್ರಾಂ ಕೋಳಿ ಎದೆಮಾಂಸ ಇಲ್ಲವೆ ಕರಾವಳಿಯಿಂದ ಘಾಟಿ ಹತ್ತಿ ಬರುವ ಬಂಗುಡೆ, ಹುರುಳಿ ಅಥವಾ ಹೆಸರುಕಾಳು, ಎರಡು ಲೋಟ ಮೊಸರು, ಇಷ್ಟಕ್ಕೆ ಲೆಕ್ಕ ಮುಟ್ಟುತ್ತದೆ. ಮೊಟ್ಟೆ ತಿನ್ನದ ಮನೆಯವರು ಸೋಯಾ ಚಂಕ್ಸ್ ನಂಬಬಹುದು: 50 ಗ್ರಾಮಿನಲ್ಲಿ 26 ಗ್ರಾಂ ಪ್ರೋಟೀನ್. ಜೊತೆಗೆ ಹಾಲು, ಪನೀರ್, ಹುರಿಗಡಲೆ. ವಾರಕ್ಕೆ ಎರಡು ದಿನ ಭಾರ ಎತ್ತುವುದನ್ನೂ ಬಿಡಬೇಡಿ. ತೂಕ ಇಳಿಸುವಾಗ ಓಟ ಜಾಸ್ತಿ ಮಾಡಿ ಜಿಮ್ ಬಿಡುವುದು ಎಲ್ಲರ ಚಾಳಿ, ಸ್ನಾಯು ಕರಗುವುದೇ ಆಗ.

ತಾಲೀಮು ಕುಸಿಯುತ್ತಿದೆಯಾ ಅಂತ ಊಹೆ ಮಾಡಬೇಡಿ, ಎಣಿಸಿ. ಶುಕ್ರವಾರ ಬ್ಯಾಗ್ ಮೇಲೆ ಮೂರು ರೌಂಡ್ ಹೊಡೆಸಿ, ಮೂರನೇ ರೌಂಡ್‌ನ ಪಂಚ್‌ಗಳನ್ನು ಪಕ್ಕದವನು ಎಣಿಸಿ ಬರೆದಿಡಲಿ. ಬೆಳಿಗ್ಗೆ ಏಳುವ ಮುಂಚೆ ನಾಡಿ ಬಡಿತ ನೋಡಿ ಅದನ್ನೂ ಬರೆಯಿರಿ. ಪಂಚ್ ಎರಡು ವಾರ ಸತತ ಇಳಿದರೆ, ಅಥವಾ ನಾಡಿ ಏಳೆಂಟು ಏರಿ ಅಲ್ಲೇ ನಿಂತರೆ, ಎರಡು ದಿನ ಅನ್ನ ಹೆಚ್ಚಿಸಿ. ತೂಕ ಕಾಯಲಿ. ಹುಡುಗಿಯರಿಗೆ ಇನ್ನೊಂದು ಮಾತು: ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದು ಕೆಜಿ ಏರಬಹುದು. ಅದು ಕೊಬ್ಬಲ್ಲ, ಗಾಬರಿಯಾಗಿ ಊಟ ಬಿಡಬೇಡಿ. ಟೂರ್ನಿ ಆ ದಿನಗಳಲ್ಲೇ ಬರುವುದಾದರೆ ಆ ಒಂದು ಕೆಜಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮುಟ್ಟೇ ನಿಂತರೆ ತೂಕ ಇಳಿಸುವುದನ್ನು ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಇನ್ನು ರೇನ್‌ಕೋಟ್ ಹಾಕಿಕೊಂಡು ತುಂಗಾ ದಂಡೆಯಲ್ಲಿ ಓಡುವವರು. ನಮ್ಮಲ್ಲಿ ಜುಲೈ ಅಂದರೆ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಆರದ ಬೆವರು ಮೈ ತಂಪು ಮಾಡುವುದಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಹೊದ್ದರೆ ಒಳಗಿನ ಶಾಖ ಏರುತ್ತಲೇ ಹೋಗುತ್ತದೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರಿಳಿಸುತ್ತಲೇ ಸತ್ತರು. ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಆಮೇಲೆ ರಬ್ಬರ್ ಸೂಟು, ಸೌನಾ (ಬೆವರಿಳಿಸುವ ಬಿಸಿ ಕೋಣೆ) ಎರಡನ್ನೂ ನಿಷೇಧಿಸಿದರು. ಮೈಯಲ್ಲಿ ನೀರು ನೂರಕ್ಕೆ 2ರಷ್ಟು ಹೋದರೇ ಆಟ ಮಂಕಾಗುತ್ತದೆ, ನಾವೋ ತಲೆಗೆ ಏಟು ತಿನ್ನುವ ಆಟದವರು. ಮೂತ್ರ ಹೋಗಿಸುವ ಮಾತ್ರೆಯನ್ನು ಯಾರಾದರೂ ಕೈಗಿಟ್ಟರೆ ಅಲ್ಲೇ ಎಸೆಯಿರಿ. ಡೋಪಿಂಗ್ ಪಟ್ಟಿಯಲ್ಲಿ ಅದು ನಿಷೇಧಿತ, ಹೃದಯಕ್ಕೂ ಅಪಾಯ. ತೂಕ ಆದ ಮೇಲೆ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳುವುದೂ ಹಾಗೆಯೇ: ಆಸ್ಪತ್ರೆಯ ನಿಜವಾದ ಚಿಕಿತ್ಸೆ ಬಿಟ್ಟು 12 ಗಂಟೆಯಲ್ಲಿ 100 ಮಿಲಿಗಿಂತ ಜಾಸ್ತಿ ಹೋದರೆ ನಿಷೇಧ.

ಕೊನೇ ಮೂರು ದಿನ. ಈಗ ಹೊಟ್ಟೆಯೊಳಗಿನ ತೂಕ ಕಡಿಮೆ ಮಾಡಬೇಕು. ಸೊಪ್ಪು, ಕಾಳು, ಕಳಲೆ, ರಾಗಿ ಬಿಡಿ. ಬಿಳಿ ಅನ್ನ, ನೀರ್ ದೋಸೆ, ಮೊಟ್ಟೆ, ಮೀನು, ಮೊಸರು ಸಾಕು. ನಾರು ಕಡಿಮೆಯಾದರೆ ಕರುಳಿನಲ್ಲಿ ಕೂರುವ ಸರಕೂ ಕಡಿಮೆ, ಅರ್ಧ ಕೆಜಿ ಆಸುಪಾಸು ಇಳಿಯುತ್ತದೆ, ಶಕ್ತಿ ಇಳಿಯುವುದಿಲ್ಲ. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೂರು ದಿನ ದೂರ ಇಡಿ. ಉಪ್ಪು ಜಾಸ್ತಿಯಾದರೆ ಮೈ ನೀರು ಹಿಡಿಯುತ್ತದೆ. ಸಾರಿನ ಉಪ್ಪು ಇರಲಿ. ನೀರನ್ನು ಎಂದಿನಂತೆ ಕುಡಿಯುತ್ತಿರಿ, ಮೂತ್ರ ತಿಳಿ ಹಳದಿ ಇರಬೇಕು. ಇದನ್ನೆಲ್ಲ ಟೂರ್ನಿಗೆ ಮುಂಚೆಯೇ ಒಮ್ಮೆ ಮಾಡಿ ನೋಡಿ.

ರಾತ್ರಿ ಮಲಗುವಾಗ ಮತ್ತು ಬೆಳಿಗ್ಗೆ ಕಕ್ಕಸಿಗೆ ಹೋಗಿಬಂದ ಮೇಲೆ ತೂಕ ನೋಡಿ, ವ್ಯತ್ಯಾಸ ಬರೆದಿಡಿ. ಉಸಿರು, ಬೆವರು, ಮೂತ್ರದಲ್ಲೇ ಅಷ್ಟು ಹೋಗಿರುತ್ತದೆ. ಒಬ್ಬೊಬ್ಬರದ್ದು ಒಂದೊಂದು ಥರ. ನಿಮ್ಮದು 600 ಗ್ರಾಂ ಅಂದರೆ ಹಿಂದಿನ ರಾತ್ರಿ 60.5 ಇದ್ದರೂ ನೆಮ್ಮದಿಯಾಗಿ ಮಲಗಬಹುದು. ಮನೆಯ ತಕ್ಕಡಿಯನ್ನು ಮೊದಲು ಪರೀಕ್ಷೆ ಮಾಡಿ. ನಾನು ಮಂಡಿಯ 20 ಕೆಜಿ ತೂಕದ ಕಲ್ಲು ಇಟ್ಟು ನೋಡುತ್ತೇನೆ. ಟೂರ್ನಿಯ ಜಾಗಕ್ಕೆ ಹೋದ ತಕ್ಷಣ ಅಲ್ಲಿನ ಟ್ರಯಲ್ ಕಾಟಾ ಹತ್ತಿ ನಿಮ್ಮದಕ್ಕೂ ಅದಕ್ಕೂ ಎಷ್ಟು ಫರಕು ಅಂತ ತಿಳಿದುಕೊಳ್ಳಿ.

ತೂಕ ಆದ ಕೂಡಲೇ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ರಾತ್ರಿಯಿಡೀ ಕಳೆದುಕೊಂಡ ನೀರಿನ ಒಂದೂವರೆ ಪಟ್ಟು ವಾಪಸ್ ಹೋಗಬೇಕು. ಇಡ್ಲಿ, ಬಾಳೆಹಣ್ಣು, ಗಂಜಿ ಸಾಕು. ಹೋಟೆಲ್ ಮಸಾಲೆ ದೋಸೆ ಬೌಟ್ ಮುಗಿದ ಮೇಲೆ.

ಗೆದ್ದಿರಿ ಅಂತಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಮತ್ತೆ ಕಾಟಾ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕುಸ್ತಿಯಲ್ಲಿ ವಿನೇಶ್ ಫೋಗಟ್ ಮೊದಲ ದಿನ ಮೂರು ಪಂದ್ಯ ಗೆದ್ದರು. ಎರಡನೇ ದಿನ ಬೆಳಿಗ್ಗೆ 50 ಕೆಜಿಗೆ 100 ಗ್ರಾಂ ಜಾಸ್ತಿ ಬಂದು ಫೈನಲ್ ಕೈ ತಪ್ಪಿತು. ಅರ್ಧ ಕೆಜಿ ಊಟ ಹೊಟ್ಟೆಗೆ ಹೋದರೆ ಆ ಕ್ಷಣಕ್ಕೆ ಕಾಟಾದಲ್ಲಿ ಅರ್ಧ ಕೆಜಿಯೇ. ಅದಕ್ಕೆ ಬೌಟ್ ಮುಗಿದ ಕೂಡಲೇ, ಮಧ್ಯಾಹ್ನವೇ ಚೆನ್ನಾಗಿ ಉಂಡು ಕುಡಿಯಿರಿ. ಜಾಸ್ತಿಯಾದ ನೀರು ರಾತ್ರಿಯೊಳಗೆ ಹೊರಗೆ ಹೋಗಿರುತ್ತದೆ. ಸಂಜೆ ಊಟಕ್ಕೆ ಮುಂಚೆ ತೂಕ ನೋಡಿ. 60.1 ಇದ್ದರೆ, ನಿಮ್ಮ ರಾತ್ರಿಯ ಇಳಿಕೆ 600 ಗ್ರಾಂ ಆದರೆ, ಊಟ ನೀರು ಸೇರಿ 400 ಗ್ರಾಂ ಜಾಗ ಇದೆ. ಹಾಸ್ಟೆಲ್‌ನ ನೀರು ಸಾರು, ಮಜ್ಜಿಗೆಯಿಂದ ಆ ಜಾಗ ತುಂಬಿಸಬೇಡಿ. ಬೆಲ್ಲ ಕಲಸಿದ ಅವಲಕ್ಕಿ, ಎರಡು ಬೇಯಿಸಿದ ಮೊಟ್ಟೆ, ಒಂದು ತುಂಡು ಕಡಲೆಕಾಯಿ ಚಿಕ್ಕಿ, ಮೇಲೆ ಒಂದು ಸಣ್ಣ ಲೋಟ ನೀರು. ತೂಕ ಕಡಿಮೆ, ಶಕ್ತಿ ಜಾಸ್ತಿ. ಇವೆಲ್ಲ ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಪುಟ್ಟ ತಕ್ಕಡಿಯೂ ಬ್ಯಾಗಿನಲ್ಲಿರಲಿ.