ರಿವರ್ಸಿಂಗ್ ವೀಲ್ ಬದಲಿಸದೆ ಒಮೆಗಾ ಸರಿಮಾಡಿದ ನನ್ನ ಅನುಭವ
ಆಟೋಮ್ಯಾಟಿಕ್ ವಾಚಿನಲ್ಲಿ ಕೈ ಆಡಿದಾಗ ರೋಟರ್ (ಒಳಗಿನ ತೂಕದ ತಟ್ಟೆ) ಯಾವ ಕಡೆ ಸುತ್ತಿದರೂ ಕೀ ಏರುವಂತೆ ಮಾಡೋದು ರಿವರ್ಸಿಂಗ್ ವೀಲ್. ಅದು ಅಂಟಿಕೊಂಡರೆ ತೊಳೆದು ಪ್ರಯೋಜನ ಇಲ್ಲ, ಹೊಸದೇ ಹಾಕಬೇಕು ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಎಚ್‌ಎಂಟಿ ಕಾಲದಿಂದ ಕಣ್ಣಿಗೆ ಲೂಪ್, ಅಂದರೆ ಭೂತಗನ್ನಡಿ, ಹಾಕಿಕೊಂಡು ಕೂತ ಹಿರಿಯರೂ ಅದನ್ನೇ ಹೇಳಿದರು. ಅವರ ಕೈಗೆ ನಾನು ಸಮ ಅಲ್ಲ, ಒಪ್ಪುತ್ತೇನೆ. ಆದರೆ ಎಚ್‌ಎಂಟಿಯ ಜನತಾ, ಪೈಲಟ್ ಎಲ್ಲ ಕೈಯಲ್ಲೇ ಕೀ ಕೊಡುವ ವಾಚುಗಳು. ಅದರಲ್ಲಿ ಈ ಚಕ್ರವೇ ಇಲ್ಲ, ಅಲ್ವಾ?

ವಾಚ್ ಒಮೆಗಾ ಸೀಮಾಸ್ಟರ್ 300 ಮೀಟರ್, ನೀಲಿ ಡಯಲಿನ 2531.80, ಬಾಂಡ್ ವಾಚ್ ಅಂತ ಕರೀತಾರಲ್ಲ ಅದು. ಒಳಗೆ 1120, ಅಂದರೆ ಇಟಿಎ ಕಂಪನಿಯ 2892ರ ಮೇಲೆ ಒಮೆಗಾ ಕೆಲಸ ಮಾಡಿದ ಮೂವ್‌ಮೆಂಟ್ (ವಾಚಿನ ಒಳಗಿನ ಯಂತ್ರ). ಓನರ್ ಗಲ್ಫ್‌ನಲ್ಲಿ ತುಂಬಾ ವರ್ಷ ಇದ್ದು ಊರಿಗೆ ಬಂದವರು. ನಮ್ಮ ಮಂಗಳೂರು, ಉಡುಪಿ ಕಡೆ ಇಂಥ ವಾಚು ಬೇಕಾದಷ್ಟು ಉಂಟು. ದಿನವಿಡೀ ಕಟ್ಟಿಕೊಂಡು ರಾತ್ರಿ ಬಿಚ್ಚಿಟ್ಟರೆ ಬೆಳಗ್ಗೆ ನಿಂತಿರುತ್ತದೆ ಅನ್ನೋದು ಅವರ ದೂರು. ಒಂದು ಸರ್ವಿಸ್ ಸೆಂಟರಿನವರು ಅರವತ್ತು ಸಾವಿರದ ಮೇಲೆ ಎಸ್ಟಿಮೇಟ್ ಕೊಟ್ಟಿದ್ದರು. ಅದಕ್ಕೂ ಮುಂಚೆ ಬೇರೆ ಯಾರೋ ಬಿಚ್ಚಿ, ಎಣ್ಣೆ ಹಾಕಿ, ಎಂಟು ಸಾವಿರ ತಗೊಂಡಿದ್ದರಂತೆ.

ಮೊದಲು ಫುಲ್ ಕೀ ಕೊಟ್ಟು ಟೈಮ್‌ಗ್ರಾಫರ್, ಅಂದರೆ ವಾಚಿನ ಓಟ ಅಳೆಯುವ ಯಂತ್ರದ ಮೇಲೆ ಇಟ್ಟೆ. ಡಯಲ್ ಮೇಲಾಗಿ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ ಅನ್ನೋದು; ಕೀ ಕಮ್ಮಿ ಇದ್ದರೆ ಇದೂ ಕಮ್ಮಿ) 275ರ ಹತ್ತಿರ, ದಿನಕ್ಕೆ ಆರೇಳು ಸೆಕೆಂಡ್ ಮುಂದೆ. ಹಾಗೇ ಬಿಟ್ಟರೆ ನಲವತ್ತು ಗಂಟೆ ಓಡಿತು. ಅಲ್ಲಿಗೆ ಮೇನ್‌ಸ್ಪ್ರಿಂಗ್ (ಓಡಿಸುವ ಸ್ಪ್ರಿಂಗ್), ಟ್ರೇನ್ (ಹಲ್ಲು ಚಕ್ರಗಳ ಸಾಲು), ಎಸ್ಕೇಪ್‌ಮೆಂಟ್ (ಟಿಕ್ ಟಿಕ್ ಮಾಡಿಸುವ ಭಾಗ) ಮೇಲಿದ್ದ ಅನುಮಾನ ಇಲ್ಲವಾಯ್ತು. ಆಮೇಲೆ ನಿಂತ ವಾಚನ್ನು ನಾನೇ ಒಂದು ದಿನ ಕಟ್ಟಿಕೊಂಡೆ. ಸಂಜೆ ನೋಡಿದರೆ ಆಂಪ್ಲಿಟ್ಯೂಡ್ 200 ದಾಟಲಿಲ್ಲ. ಹಿಂದಿನ ಮುಚ್ಚಳ ತೆಗೆದು ಕ್ರೌನ್ (ಕೀ ಕೊಡುವ ಗುಂಡಿ) ತಿರುಗಿಸಿದರೆ ರೋಟರ್ ತಾನೂ ಜೊತೆಗೆ ಸುತ್ತುತ್ತಿತ್ತು. ಇದನ್ನು ನೋಡಿದ ಮೇಲೆ ಬೇರೆ ಕಡೆ ಹುಡುಕೋದು ಬೇಡ, ರಿವರ್ಸಿಂಗ್ ವೀಲೇ ಸಿಕ್ಕಿಕೊಂಡಿದೆ.

ಈ ವಾಚಿನ ಎರಡು ಪುಟ್ಟ ರಿವರ್ಸಿಂಗ್ ಚಕ್ರಗಳ ಒಳಗೆ ಸಣ್ಣ ಕ್ಲಿಕ್‌ಗಳಿವೆ, ಒಂದೇ ಕಡೆ ತಿರುಗಲು ಬಿಡುವ ಕೊಕ್ಕೆಗಳು. ರಿವೆಟ್ ಮಾಡಿರುವುದರಿಂದ ಬಿಚ್ಚೋಕೆ ಆಗಲ್ಲ. ಹಿಂದಿನವರು ಅದಕ್ಕೆ ಆಯಿಲರ್‌ನಲ್ಲಿ ಎಣ್ಣೆ ಬಿಟ್ಟಿದ್ದರು. ಲೂಪ್‌ನಲ್ಲಿ ನೋಡಿದರೆ ಅಂಚಲ್ಲಿ ಹಳದಿ ಅಂಟು, ಕ್ಲಿಕ್ ಒಂದು ಕಡೆ ಅಂಟಿಕೊಂಡು ಬೀಳ್ತಾನೇ ಇಲ್ಲ. ಎಣ್ಣೆ ಜಾಸ್ತಿ ಆದಷ್ಟೂ ಈ ಚಕ್ರ ಹಾಳು.

ಇದಕ್ಕೆ ಅಂತಲೇ ಲುಬೆಟಾ ವಿ105 ಇದೆ, ಈ ಚಕ್ರಗಳನ್ನು ಅದ್ದುವ ದ್ರವ. ಚಿಕ್ಕ ಬಾಟಲಿಗೆ ಆಗ ಮೂರೂವರೆ ಸಾವಿರದ ಆಸುಪಾಸು ಕೊಟ್ಟ ನೆನಪು. ಅಷ್ಟು ದುಡ್ಡು ಯಾಕೆ ಅಂತ ಮೊದಲು ಸುಮ್ನೆ ನನ್ನದೇ ಮಿಶ್ರಣ ಮಾಡಿ ನೋಡಿದ್ದೆ. ಒಂದು ಹಳೇ ಇಟಿಎ 2824 ಮೂವ್‌ಮೆಂಟಿನ ಚಕ್ರಗಳನ್ನು ಲೈಟರ್ ಫ್ಲೂಯಿಡ್‌ನಲ್ಲಿ ಸ್ವಲ್ಪ 9010 ವಾಚ್ ಎಣ್ಣೆ ಕರಗಿಸಿ ಅದ್ದಿದೆ. ಕೆಲವು ವಾರ ಚೆನ್ನಾಗಿತ್ತು, ಆಮೇಲೆ ರೋಟರ್ ಮತ್ತೆ ಸುತ್ತೋಕೆ ಶುರು. ಇನ್ನೊಂದು ಜೊತೆಗೆ ಏನೂ ಹಾಕದೆ ಒಣಗಿಸಿ ಕೂರಿಸಿದೆ. ಅದು ಎಲ್ಲಕ್ಕಿಂತ ಚುರುಕಾಗಿ ಓಡಿತು, ಆದರೆ ಕೆಲವು ತಿಂಗಳಲ್ಲಿ ಪಿವಟ್ (ಚಕ್ರ ತಿರುಗುವ ಅಕ್ಷದ ತುದಿ) ಸುತ್ತ ಕಂದು ಪುಡಿ ಬಂತು, ಅಂದರೆ ಸವೆತ. ಒಣಗಿಸಿ ಹಾಕುವವರು ಇದನ್ನು ಗಮನಿಸಿ.

ಒಮೆಗಾದ ಚಕ್ರಗಳನ್ನು ಬೇರೆ ಭಾಗಗಳ ಜೊತೆ ಮೆಷಿನ್‌ಗೆ ಹಾಕಲಿಲ್ಲ. ಬೇರೆಯಾಗಿಯೇ ತೊಳೆದೆ, ದ್ರವ ಬದಲಿಸಿ ಬದಲಿಸಿ. ಹಳೇ ಅಂಟು ಒಂದೇ ಸಲಕ್ಕೆ ಬಿಡಲ್ಲ. ಟ್ವೀಜರ್‌ನಲ್ಲಿ ಹಿಡಿದು ಚಕ್ರದ ಅರ್ಧವನ್ನು ಪೆಗ್‌ವುಡ್ ಮರದ ಕಡ್ಡಿಯಿಂದ ಹಿಂದೆ ಮುಂದೆ ಆಡಿಸಿದರೆ ಒಂದು ಕಡೆ ಸಲೀಸಾಗಿ ಜಾರಬೇಕು, ಇನ್ನೊಂದು ಕಡೆ ತಕ್ಷಣ ಹಿಡಿಯಬೇಕು. ಅಲ್ಲಿಯವರೆಗೆ ತೊಳೆಯುತ್ತಲೇ ಇರಿ. ಆಮೇಲೆ ವಿ105ರಲ್ಲಿ ಅದ್ದಿ ಒಣಗಿಸೋದು. ಅದ್ದುವ ಮುಂಚೆ ಚಕ್ರಕ್ಕೆ ನಾನು ಒಂದು ಕೆಲಸ ಮಾಡ್ತೇನೆ, ಒಣಗಿಸುವಾಗ ಹೇಗೆ ಇಡಬೇಕು ಅನ್ನೋದೂ ಇದೆ. ಅವೆರಡು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ಬಿಚ್ಚಿದ ಮೇಲೆ ಪೂರ್ತಿ ಸರ್ವಿಸ್ ಮಾಡಿದೆ. ಬ್ಯಾರಲ್ (ಮೇನ್‌ಸ್ಪ್ರಿಂಗ್ ಕೂರುವ ಡಬ್ಬಿ) ಗೋಡೆಗೆ ಬ್ರೇಕಿಂಗ್ ಗ್ರೀಸ್ ಕೂಡ ಹೊಸದಾಗಿ ಹಾಕಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಬೇಗ ಜಾರಿ ಮತ್ತೆ ಅದೇ ಕಥೆ, ನೀವು ಚಕ್ರವನ್ನು ಬೈತೀರಿ. ನೀರು ತಡೆಯುವ ಗ್ಯಾಸ್ಕೆಟ್ ಎಲ್ಲ ಬದಲಾಯಿಸಿದೆ. ನಮ್ಮ ಕಡೆಯ ಬೆವರು, ಉಪ್ಪು ಗಾಳಿಗೆ ಕ್ರೌನ್ ಟ್ಯೂಬ್ ಒಳಗೆ ಹಸಿರು ಕಿಲುಬು ಕಟ್ಟಿತ್ತು. ಹತ್ತು ಗಂಟೆಯ ಹತ್ತಿರ ಹೀಲಿಯಂ ವಾಲ್ವ್ (ಆಳದ ಡೈವಿಂಗ್ ಮಾಡುವವರ ವಾಚಿನೊಳಗೆ ಸೇರಿದ ಗ್ಯಾಸ್ ಹೊರಬಿಡೋದು) ಇದೆಯಲ್ಲ, ಅದರ ಸೀಲ್ ಮರೆಯಬೇಡಿ. ಡೈವಿಂಗ್ ಮಾಡದವರ ವಾಚಿಗೂ ನೀರು ಅಲ್ಲಿಂದಲೇ ಹೋಗಬಹುದು.

ಒಟ್ಟು ಒಂಬತ್ತು ಸಾವಿರ ತಗೊಂಡೆ, ಖರ್ಚು ಕಳೆದು ಐದೂವರೆ ಉಳಿದಿರಬೇಕು. ಈಗ ದಿನವಿಡೀ ಕಟ್ಟಿದ ಮೇಲೆ ಆಂಪ್ಲಿಟ್ಯೂಡ್ 280–290 ತೋರಿಸುತ್ತದೆ. ಎರಡು ವರ್ಷ ದಾಟಿತು, ಚಕ್ರ ಹಳೆಯದೇ. "ಆರು ತಿಂಗಳಲ್ಲಿ ವಾಪಸ್ ಬರುತ್ತೆ ನೋಡು" ಅಂದವರು ಈಗ ವಿ105 ಎಲ್ಲಿ ಸಿಗುತ್ತೆ ಅಂತ ಫೋನ್ ಮಾಡ್ತಾರೆ.

ಒಂದು ಮಾತು. ರಾತ್ರಿ ನಿಲ್ಲುವ ಎಲ್ಲ ವಾಚಿಗೂ ಇದೇ ಕಾರಣ ಅಲ್ಲ. ಎಸಿ ಕಾರು, ಎಸಿ ಆಫೀಸು, ಕೈಯೇ ಅಲುಗಾಡದವರಿಗೆ ರೋಟರ್ ಏನು ಮಾಡುತ್ತೆ ಪಾಪ! ಅಂಥವರಿಗೆ ಬೆಳಗ್ಗೆ ಇಪ್ಪತ್ತು ಸುತ್ತು ಕೀ ಕೊಡಿ ಅಂತ ಹೇಳಿ ಕಳಿಸ್ತೇನೆ. ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದರೆ ಬಿಚ್ಚುವ ಮೊದಲು ವಾಚಿಗೆ ಹತ್ತಿದ ಕಾಂತತ್ವ ತೆಗೆಯುವ ಡಿಮ್ಯಾಗ್ನೆಟೈಸರ್ ಹಿಡಿಯಿರಿ. ಎಂಟುನೂರು ರೂಪಾಯಿಗೆ ತಂದ ಯಂತ್ರ, ನನಗೆ ಅತೀ ಹೆಚ್ಚು ಹೆಸರು ತಂದುಕೊಟ್ಟಿದ್ದು ಅದೇ.

ಈಗ ಮೇಜಿನ ಮೇಲೆ 3135 ಮೂವ್‌ಮೆಂಟ್ ಇರುವ ಒಂದು ರೋಲೆಕ್ಸ್ ಡೇಟ್‌ಜಸ್ಟ್ ಇದೆ. ರೋಟರ್ ಅಂಚು ತಾಗಿ ತಾಗಿ ಕೆಳಗೆ ಅರ್ಧಚಂದ್ರದ ಗೆರೆ ಬಿದ್ದಿದೆ. ಇದಕ್ಕೆ ವಿ105 ಏನೂ ಮಾಡಲ್ಲ, ರೋಟರ್ ತಿರುಗುವ ಆಕ್ಸಲ್ ಸವೆದಿದೆ. ಒರಿಜಿನಲ್ ಆಕ್ಸಲ್ ನಮ್ಮಂಥ ಹೊರಗಿನವರ ಕೈಗೆ ಸಿಗಲ್ಲ. ಜೆನೆರಿಕ್ ಹಾಕಲಾ, ಇಲ್ಲ ಕಂಪನಿಗೇ ಕಳಿಸ್ತೀರಾ ಅಂತ ಓನರನ್ನು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.